ಅವ್ವನ ಕೈಲಿದ್ದ ಹಾವು

ರೋಮ್, ಸಂತ ಮಾರ್ಟಿನನ ಹಬ್ಬದ ಮಾರನೇ ದಿನ, 1662

ಪ್ರೀತಿಯ ತಮ್ಮ ಗಾಸ್ಪರೆ,

ಹೆಂಗಿದೀಯಪ್ಪಾ? ಸೊಂಟ ನೋವು ಹೋಯ್ತಾ? ಸಮುದ್ರದ ಗಾಳೀಲಿ ಬರೀ ಮೈಲಿ ಬಲೆ ಎಳೀಬೇಡ, ನೀನೀಗ ಹುಡುಗ ಅಲ್ಲ. ನಾನು ಗುಂಡುಕಲ್ಲು ಇದ್ದಂಗಿದೀನಿ. ಆದ್ರೆ ಹೊಟ್ಟೆಯೊಳಗೆ ಬೆಂಕಿ ಉರೀತಾ ಇದೆ ಕಣೋ. ಎಲ್ಲಾ ಆ ಚಿತ್ರದಿಂದ.

ಅದೇ, ನಮ್ಮವ್ವ ಕೂತು ಬರೆಸ್ಕೊಂಡ್ಲಲ್ಲ, ನಮ್ಮ ಅಚ್ಚಿನಂಗಡಿಯ ಮೇಷ್ಟ್ರು ಫುಲ್ಜೆನ್ಸಿಯೋ ಹತ್ರ, ಅದು. ಈ ಚಿತ್ರಗಾರರ ಲೆಕ್ಕ ನಿಂಗೆ ಗೊತ್ತಲ್ಲ. ನ್ಯಾಯ ಅಂದ್ರೆ ಒಬ್ಳು ಹೆಂಗ್ಸು, ಸತ್ಯ ಅಂದ್ರೆ ಒಬ್ಳು ಹೆಂಗ್ಸು, ಸೋಮಾರಿತನ ಅಂದ್ರೂ ಒಬ್ಳು ಹೆಂಗ್ಸು. ಗಂಡಸು ಅಂದ್ರೆ ಕಾಲ ಒಬ್ನೇ, ಅವನೂ ಹಲ್ಲುದುರಿದ ಮುದುಕ! ‘ಮೆನಿಕಮ್ಮಾ, ನಿಮ್ಮನ್ನ ವಿವೇಕ ಅಂತ ಬರೀತೀನಿ’ ಅಂದ್ರು ಮೇಷ್ಟ್ರು. ವಿವೇಕದ ಕೈಲಿ ಹಾವಿರ್ಬೇಕಂತೆ. ಅದಕ್ಕೆ ಪಾಪ ಅವ್ವ ಒದ್ದೆ ಹಗ್ಗ ಹಿಡ್ಕೊಂಡು, ಕೈ ಮರಗಟ್ಟಿದ್ರೂ ಅಲ್ಲಾಡ್ದೆ ಕೂತ್ಲು. ಬೀದಿಗೆಲ್ಲಾ ಹೇಳ್ಕೊಂಡ್ಲು, ‘ನಾನು ವಿವೇಕ ಕಣ್ರೇ’ ಅಂತ.

ಮೊದಲನೇ ಅಚ್ಚು ತೆಗೆದೋನು ನಾನೇ. ತಾಮ್ರದ ತಗಡಿಗೆ ಶಾಯಿ ಮೆತ್ತಿ, ಒರೆಸಿ, ಒದ್ದೆ ಕಾಗದ ಹಾಸಿ, ಚಕ್ರ ತಿರುಗಿಸಿ ಎತ್ತಿ ನೋಡ್ತೀನಿ, ಏನಿದೆ ಅಂತೀಯ? ಸತ್ಯ ಮೇಲೆ ಮೋಡದಲ್ಲಿ ತೇಲ್ತಾ ಇದಾಳೆ. ಕೆಳಗೆ ಬಿದ್ದು, ತಲೆ ಕೆದರ್ಕೊಂಡು, ಹಾವು ಕಚ್ಕೊಂಡು ತಿಂತಿರೋ ಅಸೂಯೆ ನಮ್ಮವ್ವ! ಅದೇ ಮೂಗು, ಅದೇ ಮಚ್ಚೆ.

ಕೇಳ್ದೆ. ಮೇಷ್ಟ್ರು ತಣ್ಣಗೆ ಹೇಳ್ತಾರೆ, ‘ದುಡ್ಡು ಕೊಡೋ ಧಣಿ ಮನಸ್ಸು ಬದಲಾಯ್ಸಿದ್ರು. ವಿವೇಕ ಬೇಡ, ಅಸೂಯೆ ಬೇಕು ಅಂದ್ರು. ಹಾವು ಆಗ್ಲೇ ಬರ್ದಾಗಿತ್ತಲ್ಲ, ಯಾಕೆ ಹಾಳ್ಮಾಡ್ಲಿ?’ ನೋಡ್ದಾ? ಹಾವು ಹಾಳಾಗ್ಬಾರ್ದು, ನಮ್ಮವ್ವ ಹಾಳಾದ್ರೆ ಪರವಾಗಿಲ್ಲ! ‘ಅದು ನಿಮ್ಮಮ್ಮ ಅಲ್ಲಯ್ಯಾ, ಅಸೂಯೆ’ ಅಂದ್ರು. ‘ಅಸೂಯೆ ಯಾವತ್ತು ಸ್ವಾಮೀ ಬಂದು ನಿಮ್ಮ ಮಣೆ ಮೇಲೆ ಕೂತಿದ್ಲು?’ ಅಂದೆ. ‘ಶಾಯಿ ಒಣಗ್ತಿದೆ, ಮುಂದಿನ ಅಚ್ಚು ತೆಗಿ’ ಅಂದ್ರು.

ಮೊನ್ನೆ ಮೀನು ಮಾರೋ ಪೋರ್ಜಿಯಾ ಸಂತೇಲಿ ಆ ಅಚ್ಚಿನ ಚಿತ್ರ ಒಂದು ಕೊಂಡು, ನಮ್ಮ ಅಂಗಳಕ್ಕೇ ಹಿಡ್ಕೊಂಡು ಬಂದ್ಲು. ಹಿಂದೆ ಅರ್ಧ ಬೀದಿ. ‘ಏನ್ ಮೆನಿಕತ್ತೆ, ಇಷ್ಟು ವರ್ಷ ಹೊಟ್ಟೇಲಿ ಹಾವು ಸಾಕಿದ್ರಾ?’ ನಂಗೆ ರೇಗ್ತು, ಆದ್ರೂ ನಕ್ಕೊಂಡೇ ಅಂದೆ, ‘ನಿನ್ ಕಣ್ಣೇನು ಕೊಳೆತ ಮೀನಿಂದಾ? ನಮ್ಮವ್ವನ ಮಚ್ಚೆ ಎಡಗೆನ್ನೇಲಿದೆ. ಈ ಮುದುಕಿದು ಬಲಗೆನ್ನೇಲಿ, ನೋಡ್ಕೋ.’ ತಗಡಿಂದ ಕಾಗದಕ್ಕೆ ಬಂದ್ರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಆಗತ್ತೆ ಅನ್ನೋದು ಅವಳಿಗೇನು ಗೊತ್ತು? ಅವ್ವನ ಮುಖಾನೂ ಕಾಗದಾನೂ ತಿರುತಿರುಗಿ ನೋಡಿದ್ರು. ‘ಹೌದಲ್ವೇ, ಬೇರೆ ಯಾರೋ’ ಅಂತ ನಗಾಡ್ಕೊಂಡು ಹೋದ್ರು. ನಾನು ಮೀಸೆ ತಿರುವ್ದೆ.

ಆದ್ರೆ ಅವ್ವ ಆ ಕಾಗದ ಎತ್ಕೊಂಡು ಒಳಗೆ ಹೋಗಿ, ಕನ್ನಡಿ ಚೂರಿನ ಪಕ್ಕ ಹಿಡಿದು ನೋಡಿದ್ಲು. ಕನ್ನಡೀಲೂ ಮಚ್ಚೆ ಅದೇ ಕಡೆ. ‘ಊರೋರಿಗೆ ನಾನು ಹೆಂಗೆ ಕಾಣ್ತೀನೋ ಗೊತ್ತಿಲ್ಲ ನಾರ್ದೊ. ನಂಗೆ ದಿನಾ ಕಾಣೋ ಮುಖ ಇದೇ’ ಅಂದ್ಲು. ಆಮೇಲೆ ಕೇಳಿದ್ಲು, ‘ನಾನು ಯಾರದ್ದು ನೋಡಿ ಹೊಟ್ಟೆ ಉರ್ಕೊಂಡೆನೋ?’ ನಾನೇನೋ ತಮಾಷೆ ಮಾಡ್ದೆ. ನಗ್ಲಿಲ್ಲ. ಅವತ್ತಿಂದ ಚರ್ಚಿನ ಪೂಜೆಗೂ ಹೋಗ್ತಿಲ್ಲ, ಬಾವಿಕಟ್ಟೆಗೂ ಹೋಗ್ತಿಲ್ಲ. ಗೋಡೆ ಕಡೆ ತಿರುಗಿ ಕೂತು, ಯಾವ್ಯಾವತ್ತಿಂದೋ ನೆನೆಸ್ಕೊಂಡು ತನ್ನನ್ನೇ ವಿಚಾರಣೆ ಮಾಡ್ಕೋತಾಳೆ. ಬಡತನದಲ್ಲಿ ಬಿದ್ದ ಸುಕ್ಕು ಕಣೋ ಅವು! ಅದನ್ನ ಅಸೂಯೆ ಅಂತ ಮಾರ್ತಾರಲ್ಲ, ಇವರ ಕೈ ಸೇದೋಗ! ಮೇಷ್ಟ್ರಿಗೆ ನಾನು ಇನ್ನೂ...

ನೋಡು, ನಿನ್ನತ್ತಿಗೆ ತೂಲ್ಲಿಯಾ ಕೂಗ್ತಾ ಇದಾಳೆ, ‘ಕಡ್ಲೆ ಸಾರು ಆರ್ತಿದೆ, ಬರ್ತೀಯೋ, ಬೆಕ್ಕಿಗೆ ಹಾಕ್ಲೋ?’ ಅಂತ. ದೇವಮಾತೆ ನಿನ್ನ ದೋಣಿ ಮೇಲೆ ಕೈಯಿಟ್ಟು ಕಾಯ್ಲಿ. ಮಕ್ಕಳ ಕೆನ್ನೆ ಹಿಂಡಿದೆ ಅಂತ ಹೇಳು.

ನಿನ್ನಣ್ಣ,
ನಾರ್ದೊ

ಮರೆತಿದ್ದೆ: ಗಾಡಿಯೋನು ಒಂದು ಚೀಸಿನ ಗಂಟು ಕೊಡ್ತಾನೆ. ಭಾರ ಇದೆ ಅಂತ ಹಿಗ್ಗಬೇಡ, ಒಳಗಿರೋದು ಆ ತಾಮ್ರದ ತಗಡು. ಬಿಚ್ಚಿ ನೋಡ್ಬೇಡ, ದಡ ಕಾಣ್ದಷ್ಟು ದೂರ ಹೋಗಿ ನೀರಿಗೆ ಹಾಕು. ಇಲ್ಲಿ ಮೇಷ್ಟ್ರು ಹುಡುಕ್ತಾ ಇದಾರೆ, ನಾನೂ ಜೊತೇಲೇ ಹುಡುಕ್ತಾ ಇದೀನಿ. ಆಮೇಲೆ ಅವ್ವನಿಗೆ ಒಂದು ಕಾಗದ ಬರಿ. ಅವಳು ಯಾರನ್ನ ಕಂಡೂ ಹೊಟ್ಟೆಕಿಚ್ಚು ಪಟ್ಟೋಳಲ್ಲ ಅಂತ ಬರಿ. ನಂಗೆ ಹೇಳಿ ಹೇಳಿ ಸಾಕಾಯ್ತು, ನಾನು ಏನು ಹೇಳಿದ್ರೂ ತಮಾಷೆ ಅಂದ್ಕೋತಾಳೆ ಕಣೋ.