ಕೆಂಪು ಅಂಗೈ

ಸೋಮವಾರ, 4

ಮತ್ತೆ ಕೆಂಪು ಬಣ್ಣದ ತೊಟ್ಟಿ. ಗ್ಲೌಸ್ ಹಾಕಿದರೆ ನೂಲು ಬಣ್ಣ ಕುಡಿದಿದೆಯೋ ಇಲ್ಲವೋ ಕೈಗೆ ಗೊತ್ತಾಗುವುದಿಲ್ಲ. ಬಿಚ್ಚಿಟ್ಟೆ. ಮೂರನೇ ಕಂತೆ ಎತ್ತುವಾಗ ಎದೆ ಡಬಡಬ. ಕಿವಿಯಲ್ಲೂ ಅದೇ ಸದ್ದು. ಡ್ರಮ್ಮಿನ ಮೇಲೆ ಕೂತೆ. ಗುಂಡಕ್ಕ — ನನ್ನ ಜೊತೆ ತೊಟ್ಟಿ ನೋಡಿಕೊಳ್ಳುವವಳು — ಬಿಡಲಿಲ್ಲ. "ಏನೇ, ಮೂರು ಕಂತೆ ಎತ್ತಿದ್ರೆ ಬೆಟ್ಟ ಹತ್ತಿದೋಳ ಹಾಗೆ ಏದುಸಿರು ಬಿಡ್ತೀಯಾ?"

ನಕ್ಕು ಮುಂದಿನ ಕಂತೆಗೆ ಕೈ ಹಾಕಿದೆ. ಅಮ್ಮ ಹೋದದ್ದು ಹೃದಯದ ಕಾಯಿಲೆಯಿಂದ, ನನ್ನ ವಯಸ್ಸಿನಲ್ಲೇ. ಹೆದರಿಕೆಯಾಗುತ್ತಿದೆ. ಯಾರಿಗೂ ಹೇಳಿಲ್ಲ.

ಬುಧವಾರ, 6

ಕಾರ್ಖಾನೆಯಲ್ಲಿ ವರ್ಷದ ಚೆಕಪ್. ಸಾಲಿನಲ್ಲಿ ನಿಂತು ನಿಂತು ಕಾಲು ಸೋತವು. ನರ್ಸ್ ಹೊಸಬಳು. ಅಂಗೈ ನೋಡಿದಳು, ಉಗುರು ನೋಡಿದಳು. "ರಕ್ತ ಚೆನ್ನಾಗಿದೆ ಆಂಟಿ, ಎಷ್ಟು ಕೆಂಪಗಿದೆ ನೋಡಿ. ಮುಂದಿನೋರು ಬನ್ನಿ."

ಅದು ಬಣ್ಣ ಕಣಮ್ಮ, ಎನ್ನಬೇಕಿತ್ತು. ಪಕ್ಕಕ್ಕೆ ಸರಿದೆ. ಚೆನ್ನಾಗಿದೆ ಎಂದು ಒಬ್ಬರಾದರೂ ಹೇಳಿದರಲ್ಲ... ಸಂಜೆಯವರೆಗೂ ಅದನ್ನೇ ನಂಬಿಕೊಂಡು ಕೆಲಸ ಮಾಡಿದೆ.

ತಿಂಗಳ ರಕ್ತಸ್ರಾವ ಈ ಸಲವೂ ನಿಲ್ಲುತ್ತಿಲ್ಲ. ವಯಸ್ಸಾಯಿತಲ್ಲ, ಅದಕ್ಕೇ ಇರಬಹುದು.

ಮಂಗಳವಾರ, 19

ಇಷ್ಟು ದಿನ ಬರೆಯಲು ಆಗಲೇ ಇಲ್ಲ. ಮನೆಗೆ ಬಂದರೆ ಸಾಕು, ಬಿದ್ದುಕೊಳ್ಳುತ್ತೇನೆ. ತೊಟ್ಟಿ ರಿಪೇರಿಗೆ ಬಂದಿದೆ, ನಮಗೆಲ್ಲ ಬಿಳಿ ಬಟ್ಟೆ ಮಡಿಸುವ ಕೆಲಸ.

ಬೆಳಿಗ್ಗೆ ಮಗಳ ತಲೆ ಬಾಚುತ್ತಿದ್ದೆ. ಕಿವಿಗೆ ಕೈ ತಾಗಿದ್ದಕ್ಕೆ ಬೆಚ್ಚಿಬಿದ್ದಳು. "ಅಯ್ಯೋ ಅಮ್ಮಾ, ಏನು ಇಷ್ಟು ತಣ್ಣಗಿದೆ?" ಕೈ ಹಿಡಿದು ತಿರುಗಿಸಿದಳು. ಬಣ್ಣ ಪೂರ್ತಿ ಬಿಟ್ಟುಹೋಗಿದೆ. ಅಂಗೈ ಸುಣ್ಣ ಬಳಿದ ಹಾಗಿತ್ತು. ಅವಳು ಕೂಗಿದ್ದು ಕೇಳಿ ಯಜಮಾನರು ಬಂದರು. ನೋಡಿದರು. ಬೈಯುತ್ತಾರೆ ಅಂದುಕೊಂಡೆ. "ಚಪ್ಪಲಿ ಹಾಕ್ಕೋ, ಹೋಗೋಣ" ಎಂದರು, ಅಷ್ಟೇ.

ಅದೇ ದಿನ, ಆಸ್ಪತ್ರೆಯಲ್ಲಿ

ಹಿಮೋಗ್ಲೋಬಿನ್ ನಾಲ್ಕೂವರೆ. ಹನ್ನೆರಡಾದರೂ ಇರಬೇಕಂತೆ. ಡಾಕ್ಟರಮ್ಮ ರಿಪೋರ್ಟನ್ನು ಮತ್ತೊಮ್ಮೆ ಓದಿದರು. "ಇಷ್ಟು ದಿನ ಹೇಗ್ರೀ ನಿಂತು ಕೆಲಸ ಮಾಡಿದ್ರಿ?"

"ನನ್ನ ಹಾರ್ಟ್ ಹೋಗಿದೆಯಾ ಡಾಕ್ಟ್ರೇ? ನಮ್ಮಮ್ಮಂಗೂ..."

"ಹೋಗಿಲ್ಲ. ದಣಿದಿದೆ. ರಕ್ತದಲ್ಲಿ ಸತ್ವ ಇಲ್ಲ, ಅದಕ್ಕೇ ಇರೋದನ್ನೇ ಬೇಗ ಬೇಗ ಓಡಿಸ್ತಿದೆ. ಚರ್ಮಕ್ಕೆ, ಕಿಡ್ನಿಗೆ ಹೋಗೋದನ್ನ ಕಡಿಮೆ ಮಾಡಿ ಮೆದುಳಿಗೆ, ಹೃದಯಕ್ಕೆ ಉಳಿಸ್ತಿದೆ ನಿಮ್ಮ ಮೈ. ಕೈ ತಣ್ಣಗಿರೋದು ಅದಕ್ಕೇ. ಎಷ್ಟು ದಿನ ಅಂತ ಹೀಗೆ ಮಾಡುತ್ತೆ? ಕೊನೆಗೆ ಹೃದಯಾನೂ ಸೋಲುತ್ತೆ."

ಅಡುಗೆ ಕಡಿಮೆ ಬಿದ್ದ ದಿನ ನಾನೂ ಹೀಗೇ. ಹೊರಗೆ ದುಡಿಯಲು ಹೋಗುವವರಿಗೆ ಮೊದಲು ಬಡಿಸುತ್ತೇನೆ, ಉಳಿದರೆ ನನಗೆ. ಸೋಲುತ್ತೆ ಎಂಬ ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ. ಮಗಳಿಗೆ ಏನು ಹೇಳಲಿ...

ಬುಧವಾರ, 20, ಬೆಳಿಗ್ಗೆ

ರಕ್ತ ಏರಿಸುತ್ತಿದ್ದಾರೆ. ತೊಟ್ಟು ತೊಟ್ಟಾಗಿ, ತೀರಾ ನಿಧಾನ. ಅವಸರ ಮಾಡಿದರೆ ಹೃದಯ ತಡೆಯುವುದಿಲ್ಲವಂತೆ. "ಎದೆ ಭಾರ ಆದ್ರೆ, ಉಸಿರು ಕಟ್ಟಿದ್ರೆ ತಕ್ಷಣ ಕರೀರಿ. ಸಂಕೋಚ ಪಡಬೇಡಿ" ಎಂದು ಹೇಳಿಹೋದರು ಸಿಸ್ಟರ್. ಇವರು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದಾರೆ.

ಎದೆ ಸ್ವಲ್ಪ ಭಾರ. ಹೆದರಿಕೆಗೋ ಏನೋ. ಕೆಮ್ಮೂ ಬರುತ್ತಿದೆ. ಸಿಸ್ಟರ್ ಆ ಕೊನೆಯ ಮಂಚದ ಹತ್ತಿರ ಇದ್ದಾರೆ, ಅವರ ಕೆಲಸ ಮುಗಿಯಲಿ. ಆಮೇಲೆ ಕರೆದರಾಯಿತು.

ಇಲ್ಲ. ಆಮೇಲೆ ಆಮೇಲೆ ಎಂದೇ ಇಲ್ಲಿಗೆ ಬಂದು ಮಲಗಿದ್ದೇನೆ. ಕರೆದೆ — ದನಿ ಏಳಲಿಲ್ಲ. ಉಸಿರು ಸಾಲುತ್ತಿಲ್ಲ. ಇವರವರೆಗೆ ನನ್ನ ಕೈ ಎಟಕುವುದಿಲ್ಲ. ಈ ಪೆನ್ನಿನಿಂದಲೇ ಮಂಚದ ಕಂಬಿ ಬಡಿ—