ಏಳು ನಾಯಿಗಳ ಅರ್ಜಿ

ಆಲ್ಡರ್ ಕ್ರೀಕ್, ಮಿಷಿಗನ್
೧೪ ನವೆಂಬರ್ ೧೯೮೭, ಶನಿವಾರ

ಪ್ರೀತಿಯ ಲೆಂಪಿ,

ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದು ಬೇಲಿ, ಕೂಗಿದರೆ ಕೇಳುತ್ತದೆ. ಆದರೂ ಕಾಗದ ಬರೆಯುತ್ತಿದ್ದೇನೆ. ಗುರುವಾರದಿಂದ ನಿನ್ನ ಮುಖ ನೋಡುವ ಧೈರ್ಯ ನನಗಿಲ್ಲ.

ನಿನ್ನ ಗಂಡ ಆರ್ವೊ ತೀರಿಕೊಂಡ ಮೇಲೆ ನೀನು ಕಾಡಂಚಿನ ಮನೆಯಲ್ಲಿ ಒಬ್ಬಳೇ ಇರಬಾರದೆಂದು ಇಲ್ಲಿಗೆ ಕರೆತಂದವಳು ನಾನೇ. ಹಿಮದ ಮೇಲೆ ಅವನ ಜಾರುಬಂಡಿ ಎಳೆದು ಮುದಿಯಾದ ಏಳು ನಾಯಿಗಳೂ ನಿನ್ನ ಜೊತೆ ಬಂದವು. ಊರೊಳಗೆ ಮನೆಗೆ ಮೂರೇ ನಾಯಿ, ಹೆಚ್ಚು ಬೇಕಾದರೆ ಮನೆ-ಜಾಗದ ಬಳಕೆ ನೋಡಿಕೊಳ್ಳುವ ಝೋನಿಂಗ್ ಮಂಡಳಿಯ ಪರವಾನಗಿ ಬೇಕು ಎಂದಾಗ ನಿನ್ನ ಅರ್ಜಿ ತುಂಬಿಕೊಟ್ಟವಳೂ ನಾನೇ. ಇದನ್ನೆಲ್ಲ ನನ್ನ ಸಮರ್ಥನೆಗೆ ಹೇಳುತ್ತಿಲ್ಲ. ಅಲ್ಲ, ಅದೂ ಸುಳ್ಳು, ಸಮರ್ಥನೆಗೇ ಹೇಳುತ್ತಿದ್ದೇನೆ.

ಆಮೇಲೆ ವೈನೊ ದಿನಾ ನಿನ್ನಲ್ಲಿಗೆ ಬರತೊಡಗಿದ. ಗಣಿ ಮುಚ್ಚಿ ಕೆಲಸ ಹೋದಂದಿನಿಂದ ನನ್ನ ಈ ಗಂಡ ಮನೆಯಲ್ಲಿ ಆಡುವ ಮಾತು ನಿನಗೆ ಗೊತ್ತೇ ಇದೆ: "ಕಾಫಿ ಇದ್ಯಾ?" "ಹೂಂ." "ಹಿಮ ಬೀಳೋ ಹಾಗಿದೆ." ಅಷ್ಟೇ. ಅದೇ ಮನುಷ್ಯ ನಿನ್ನ ಹಿತ್ತಲಲ್ಲಿ ಮಂಡಿಯೂರಿ, ನಾಯಿಯ ಪಾದ ತೊಡೆಯ ಮೇಲಿಟ್ಟುಕೊಂಡು ಉಗುರು ಕತ್ತರಿಸುತ್ತಾ, "ನೋವಾಯ್ತೇನೋ ರಾಜಾ? ಇನ್ನೊಂದೇ ಒಂದು, ತಡ್ಕೋ ಮರೀ," ಎನ್ನುವುದನ್ನು ಅಡುಗೆಮನೆಯ ಕಿಟಕಿಯಿಂದ ಕೇಳಿಸಿಕೊಂಡೆ. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ನಿಂತೇ ದುಡಿದವಳು ನಾನು. ಕಾಲು ನೋಯುತ್ತದೆಯೇ ಎಂದು ಅವನು ಒಂದು ದಿನವೂ ಕೇಳಲಿಲ್ಲ.

ನೀನೇನೋ ಅಂದೆ, ಅವನು ಗಟ್ಟಿಯಾಗಿ ನಕ್ಕ. ನಿಮ್ಮಿಬ್ಬರ ಮೇಲೆ ನನಗೆ ಕೆಟ್ಟ ಅನುಮಾನ ಬಂದಿಲ್ಲ, ಲೆಂಪಿ. ಬಂದಿದ್ದರೆ ಸುಲಭವಿತ್ತು, ಜಗಳವಾಡಬಹುದಿತ್ತು. ನಾಯಿಗಳನ್ನು ಕಂಡು ಹೊಟ್ಟೆಕಿಚ್ಚು ಎಂದು ಯಾರ ಹತ್ತಿರ ಹೇಳಿಕೊಳ್ಳಲಿ?

ಗುರುವಾರ ಮಂಡಳಿಯ ಸಭೆಗೆ ಅವನು ಕೋಟು ಹಾಕಿಕೊಂಡು ಬಂದು ನಿನ್ನ ಪಕ್ಕದಲ್ಲಿ ಕೂತ. ನನ್ನ ಜೊತೆ ಚರ್ಚಿಗೆ ಬರುವಾಗಲೂ ಆ ಕೋಟು ಪೆಟ್ಟಿಗೆಯಿಂದ ಹೊರಬಂದಿರಲಿಲ್ಲ. ಅಧ್ಯಕ್ಷ ಟ್ರೆವಾರೊ "ಯಾರದಾದ್ರೂ ತಕರಾರು ಇದ್ಯಾ?" ಎಂದಾಗ ಯಾರೂ ಉಸಿರೆತ್ತಲಿಲ್ಲ. ಪರವಾನಗಿ ಸಿಕ್ಕಂತೆಯೇ ಇತ್ತು. ವೈನೊ ನಿನ್ನ ಕಡೆ ತಿರುಗಿ ಮುಗುಳ್ನಕ್ಕ. ನಾನು ಎದ್ದು ನಿಂತೆ.

"ಒಂದು ಊಳಿಟ್ರೆ ಏಳೂ ಊಳಿಡ್ತವೆ. ನಂಗೆ ರಾತ್ರಿಯೆಲ್ಲ ನಿದ್ದೆ ಇಲ್ಲ," ಅಂದೆ.

ಅವು ಊಳಿಡುವುದು ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಊರಿನ ಸೈರನ್ ಕೂಗಿದಾಗ ಮಾತ್ರ. ಊರಿಗೇ ಗೊತ್ತು. ಆದರೂ ಟ್ರೆವಾರೊ ಕನ್ನಡಕ ತೆಗೆದು, "ಒಡಹುಟ್ಟಿದೋರೇ ಹೀಗಂದ್ರೆ ನಾವೇನ್ ಮಾಡೋಣಮ್ಮ?" ಎಂದು ನಿನ್ನನ್ನು ಕೇಳಿದ. ನಾಲ್ಕಕ್ಕೆ ಒಪ್ಪಿಗೆ ಕೊಟ್ಟರು. ಉಳಿದ ಮೂರು ನಾಯಿಗಳು ಈ ತಿಂಗಳ ಕೊನೆಯೊಳಗೆ ಬೇರೆಡೆ ಹೋಗಬೇಕು. ಆ ವಯಸ್ಸಿನ ನಾಯಿಗಳನ್ನು ಯಾರು ಸೇರಿಸಿಕೊಳ್ಳುತ್ತಾರೆ?

ಸಭೆ ಮುಗಿದು ಹೊರಗಿನ ಮೆಟ್ಟಿಲ ಮೇಲೆ ನೀನು ಬೈಯುತ್ತೀ ಎಂದುಕೊಂಡೆ. "ಅಕ್ಕಾ, ನಿದ್ದೆ ಇಲ್ಲ ಅಂತ ಇಷ್ಟು ದಿನ ನಂಗ್ಯಾಕೆ ಹೇಳ್ಲಿಲ್ಲ?" ಎಂದೆ ನೀನು. ನನ್ನ ಮಾತು ನಂಬಿದ್ದವಳು ಇಡೀ ಸಭೆಯಲ್ಲಿ ನೀನೊಬ್ಬಳೇ ಇರಬೇಕು.

ಕಾರಿನಲ್ಲಿ ವೈನೊ, "ಆಯ್ಲಿ, ರಾತ್ರಿ ಅವು ಒಂದ್ಸಲಾನೂ ಕೂಗಿಲ್ಲ. ಯಾಕೆ ಹಾಗಂದೆ?" ಎಂದ. ಎಷ್ಟೋ ವರ್ಷಗಳ ಮೇಲೆ ನನ್ನ ಮನಸ್ಸಿನಲ್ಲಿರುವುದನ್ನು ಕೇಳಿದ್ದ. ನಾನು ರೇಡಿಯೊ ಹಾಕಿದೆ.

ನಿನ್ನೆ ಮಂಡಳಿಯ ಕಚೇರಿಗೆ ಹೋಗಿ, ನಾನು ಹೇಳಿದ್ದು ಸುಳ್ಳು, ಬರೆದುಕೊಳ್ಳಿ ಎಂದೆ. ಆಗುವುದಿಲ್ಲವೆಂದು ಗುಮಾಸ್ತೆ ತಲೆಯಾಡಿಸಿದಳು. ತೀರ್ಮಾನ ಆಗಿಹೋಗಿದೆ, ಮತ್ತೆ ಅರ್ಜಿ ಹಾಕಲು ಒಂದು ವರ್ಷ ಕಾಯಬೇಕು. ಹಾಗಾದರೆ ನಮ್ಮ ಮನೆಯಲ್ಲಿ ಎಷ್ಟು ನಾಯಿ ಸಾಕಬಹುದು ಎಂದು ಕೇಳಿದೆ.

"ಮೂರು. ಯಾರ ಅಪ್ಪಣೆನೂ ಬೇಡ," ಎಂದಳು. ಆಮೇಲೆ ನಗದೆ, "ಆದ್ರೆ ನಿಮಗೆ ನಿದ್ದೆ ಬರಲ್ವಲ್ಲ?"

ಕೊಟ್ಟಿಗೆಯಲ್ಲಿ ಹುಲ್ಲು ಹಾಸಿದ್ದೇನೆ. ಮೂರನ್ನು ನನಗೆ ಕೊಡು. ಕ್ಷಮಿಸೆಂದು ಈಗಲೇ ಕೇಳುವುದಿಲ್ಲ. ಅವು ನಮ್ಮಲ್ಲಿ ಒಂದು ಚಳಿಗಾಲ ಕಳೆಯಲಿ, ಆಗ ಕೇಳುತ್ತೇನೆ.

ನಿನ್ನ ಅಕ್ಕ,
ಆಯ್ಲಿ

ಮರೆತ ಮಾತು: ಯಾವ ಮೂರು ಎಂದು ಕೇಳಬೇಡ. ಬೆಳಿಗ್ಗೆ ಬಂದ ಕೂಡಲೇ ವೈನೊ ಯಾವ ಮೂರರ ಹತ್ತಿರ ಮೊದಲು ಓಡುತ್ತಾನೋ ಅವನ್ನೇ ಕಳಿಸು. ಅವನ್ನೇ ಬೇಕೆಂದು ನಾನು ಕೇಳಿದೆ ಎಂದು ಮಾತ್ರ ಅವನಿಗೆ ಹೇಳಬೇಡ.