ಫ್ಲಾಸ್ಕಿನ ರಬ್ಬರು

ಅಮ್ಮಾ,
ಪೂರ್ತಿ ಓದಿದ ಮೇಲೆ ಬೈಯಿ. "ಮುಚ್ಚಳದ ರಬ್ಬರ್ ಬಿಚ್ಚಿ ತೊಳಿಯೇ" ಎಂದು ನೀನು ಎಷ್ಟು ಬಡಕೊಂಡರೂ ನಾನು ವರ್ಷವಿಡೀ ತೊಳೆಯದ ಫ್ಲಾಸ್ಕ್ ನೆನಪಿದೆಯಲ್ಲ? ಇಲ್ಲಿನ ಬಿಸಿನೀರ ಬುಗ್ಗೆಯ ಕೆಸರಿನಲ್ಲಿ ಆರು ತಿಂಗಳು ಹುಡುಕಿಯೂ ಹೊಸ ಬ್ಯಾಕ್ಟೀರಿಯಾ ಒಂದೂ ಸಿಗದೆ, ಬೇಸರಕ್ಕೆ ಆ ರಬ್ಬರಿನ ಕೊಳೆಯನ್ನೇ ಗಾಜಿನ ತಟ್ಟೆಯಲ್ಲಿ ಬೆಳೆಸಿದೆ. ಕಿತ್ತಳೆ ಬಣ್ಣದ ಚುಕ್ಕೆಗಳು ಎದ್ದವು. ಗೊತ್ತಿರುವ ಬ್ಯಾಕ್ಟೀರಿಯಾಗಳ ಜೊತೆಗೆಲ್ಲ ಅದರ ಡಿಎನ್‌ಎ ಹೋಲಿಸಿ ನೋಡಿ, "ಇದಕ್ಕೆ ಹತ್ತಿರದ ನೆಂಟರೇ ಇಲ್ಲ ಕಣಮ್ಮಾ, ಹೊಸ ಜಾತೀನೇ!" ಎಂದು ಲ್ಯಾಬಿನ ಮೇಡಂ ಕುಣಿದೇಬಿಟ್ಟರು. ಎಲ್ಲಿ ಸಿಕ್ಕಿತೆಂದು ಪ್ರಬಂಧದಲ್ಲಿ ಬರೆಯಲೇಬೇಕಂತೆ. ಲೋಕದೆದುರು ನನ್ನ ಮಾನ ಹರಾಜು. ಅದರಿಂದ ಅಪಾಯವಿಲ್ಲ, ನಾನು ಗಟ್ಟಿಮುಟ್ಟಾಗಿದ್ದೇನೆ. ಹೊಸ ಫ್ಲಾಸ್ಕ್ ಕೊಂಡೆ. ಹಳೆಯದು ಬೀಗ ಹಾಕಿದ ಬೀರುವಿನಲ್ಲಿದೆ, ಮೇಡಂ ಅದಕ್ಕೆ ಚೀಟಿ ಅಂಟಿಸಿದ್ದಾರೆ: "ಯಾರೂ ತೊಳೆಯಕೂಡದು."
ನಿನ್ನ ಮೈಗಳ್ಳಿ